ವಾಚಿಗೆ ದಿನಕ್ಕೆ ಎಷ್ಟು ಸುತ್ತು ಬೇಕು?

ಆಟೊಮ್ಯಾಟಿಕ್ ವಾಚಿಗೆ ಬ್ಯಾಟರಿ ಇಲ್ಲ, ದಿನವೂ ಕೀ ಕೊಡಬೇಕಾಗಿಯೂ ಇಲ್ಲ. ಕೈ ಆಡಿದಂತೆಲ್ಲ ಒಳಗಿನ ಅರ್ಧವೃತ್ತದ ರೋಟರ್ ತಿರುಗಿ ಸ್ಪ್ರಿಂಗನ್ನು ಬಿಗಿ ಮಾಡುತ್ತದೆ. ಬಿಚ್ಚಿಟ್ಟರೆ ಬಹಳಷ್ಟು ವಾಚುಗಳು ಸುಮಾರು 40 ಗಂಟೆಯಲ್ಲಿ ನಿಂತುಬಿಡುತ್ತವೆ. ಹಾಗಾಗದಂತೆ ವಾಚನ್ನು ಆಗಾಗ ತಿರುಗಿಸುವ ಪೆಟ್ಟಿಗೆಯೇ ವೈಂಡರ್. ಅದರಲ್ಲಿ ಹೊಂದಿಸಬೇಕಾದ್ದು ಎರಡೇ: ಯಾವ ದಿಕ್ಕು, ದಿನಕ್ಕೆ ಎಷ್ಟು ಸುತ್ತು.

ದಿಕ್ಕು ತಪ್ಪಿದರೆ ಸಾವಿರ ಸುತ್ತೂ ದಂಡ.

ಅನೇಕ ಸ್ವಿಸ್ ಕ್ರೊನೊಗ್ರಾಫ್‌ಗಳೊಳಗಿರುವ ವಾಲ್ಜು 7750 ಯಂತ್ರವನ್ನೇ ನೋಡಿ. ಅದರ ರೋಟರ್ ಕೀ ಕೊಡುವುದು ಒಂದೇ ದಿಕ್ಕಿನಲ್ಲಿ. ಇನ್ನೊಂದು ಕಡೆಗೆ ಅದು ಬಿಡುಬೀಸಾಗಿ ಗಿರ್ರನೆ ತಿರುಗುತ್ತದೆ. ಆ ಅದುರು ಮಣಿಕಟ್ಟಿಗೂ ತಿಳಿಯುತ್ತದೆ. ಜಪಾನಿನ ಸೀಕೊ 1959ರಲ್ಲಿ ತಂದ ‘ಮ್ಯಾಜಿಕ್ ಲಿವರ್’ ಮಾತ್ರ ಎರಡೂ ಕಡೆಯ ತಿರುಗಾಟವನ್ನು ಬಳಸಿಕೊಳ್ಳುತ್ತದೆ. ಇಂಥ ವಾಚಿಗೆ ಎರಡೂ ದಿಕ್ಕಿನ ಸೆಟ್ಟಿಂಗ್ ಇಟ್ಟರಾಯಿತು.

ಸುತ್ತಿನ ಲೆಕ್ಕ ಬಹುಪಾಲು ವಾಚುಗಳಿಗೆ 650ರಿಂದ 800. ಕಡಿಮೆಯಿಂದ ಶುರುಮಾಡಿ, ವಾಚು ನಿಂತರೆ ಮಾತ್ರ ಏರಿಸುವುದು ಜಾಣತನ. ಜಾಸ್ತಿ ಸುತ್ತಿದರೆ ಸ್ಪ್ರಿಂಗ್ ಮುರಿಯುವುದಿಲ್ಲ. ಪೂರ್ತಿ ಬಿಗಿಯಾದ ಮೇಲೆ ಅದರ ತುದಿ ಜಾರಿಕೊಳ್ಳುವಂತೆ ಏರ್ಪಾಡು ಇದೆ. ಆದರೆ ಬೇಡದ ಸವೆತವೇಕೆ?

ನಿಂತುಹೋದರೆ ಗಂಟೆ, ದಿನಾಂಕದ ಜೊತೆ ತಿಂಗಳು, ಅಧಿಕ ವರ್ಷವನ್ನೂ ಸರಿಮಾಡಬೇಕಾದ ಪರ್ಪೆಚುವಲ್ ಕ್ಯಾಲೆಂಡರ್ ವಾಚುಗಳಿಗೆ ವೈಂಡರ್ ನಿಜಕ್ಕೂ ಉಪಕಾರಿ. ದಿನವೂ ಒಂದೇ ವಾಚು ಕಟ್ಟುವವರಿಗೆ ಅದು ಬೇಕಿಲ್ಲ. ಕೊಳ್ಳುವುದೇ ಆದರೆ, ಮೊದಲು ವಾಚಿನೊಳಗಿನ ಯಂತ್ರದ ನಂಬರ್ ತಿಳಿದುಕೊಳ್ಳಿ.