ಕೈ ಏಳುವ ಮುಂಚೆ ಕಾಲು

ನಿಂತುಕೊಂಡು ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಿಗೆ ಕೈ ಚಾಚುತ್ತೀರಿ. ಭುಜದ ಸ್ನಾಯು ಕೆಲಸ ಶುರುಮಾಡುವ ಮುಂಚೆಯೇ ಕಾಲಿನ ಹಿಂಭಾಗದ ಸ್ನಾಯುಗಳು ಬಿಗಿಗೊಂಡಿರುತ್ತವೆ. ಕೈ ಮುಂದೆ ಹೋದರೆ ಮೈಭಾರವೂ ಮುಂದಕ್ಕೆ ವಾಲುತ್ತದೆಂದು ಮಿದುಳಿಗೆ ಗೊತ್ತು. ಅದಕ್ಕೇ ಬೀಳದಂತೆ ಮೊದಲೇ ಏರ್ಪಾಡು ಮಾಡಿಕೊಂಡಿರುತ್ತದೆ. ಸೋವಿಯತ್ ಒಕ್ಕೂಟದ ಸಂಶೋಧಕರು 1967ರಲ್ಲೇ ಇದನ್ನು ಅಳೆದು ತೋರಿಸಿದರು. ಕಾಲು ಬಿಗಿಯುವುದಕ್ಕೂ ಭುಜ ಕೆಲಸ ಶುರುಮಾಡುವುದಕ್ಕೂ ನಡುವಿನ ಅಂತರ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲಿನ ಆಸುಪಾಸು.

ಲಕ್ವ ಹೊಡೆದಾಗ ಈ ಮುನ್ನೇರ್ಪಾಡು ತಡವಾಗುತ್ತದೆ, ಸೊರಗುತ್ತದೆ. ಹಾಗಾಗಿ ಕೈ ಸ್ವಾಧೀನ ತಪ್ಪುವುದು, ನಿಂತರೆ ವಾಲುವುದು ಎಂಬ ಎರಡು ತೊಂದರೆಗಳನ್ನು ಬೇರೆಬೇರೆಯೆಂದು ಎಣಿಸಬಾರದು. ಹಾಸಿಗೆಯಲ್ಲಿ ಮಲಗಿಸಿ ಕೈಯನ್ನಷ್ಟೇ ಮೇಲೆ ಕೆಳಗೆ ಆಡಿಸಿದರೆ ಕೀಲು ಬಿಗಿಯದಂತೆ ಒಂದಿಷ್ಟು ತಡೆಯಬಹುದು, ಆದರೆ ಸಮತೋಲನ ಕಲಿಸಿದಂತಾಗುವುದಿಲ್ಲ.

ಆಸ್ಟ್ರೇಲಿಯಾದ ಕ್ಯಾಥರೀನ್ ಡೀನ್ ಮತ್ತು ರೊಬರ್ಟಾ ಶೆಫರ್ಡ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಪುಟ್ಟದು, ಇದ್ದವರು ಇಪ್ಪತ್ತೇ ಮಂದಿ. ಆದರೂ ನನಗೆ ಅದು ತುಂಬ ಮುಖ್ಯವೆನಿಸುತ್ತದೆ. ಲಕ್ವವಾಗಿ ಕನಿಷ್ಠ ಒಂದು ವರ್ಷ ಕಳೆದಿದ್ದವರನ್ನು ಕೂರಿಸಿ, ವಸ್ತುವನ್ನು ತೋಳಿನಳತೆಗಿಂತ ದೂರವಿಟ್ಟು, ಸರಿಯಿರುವ ಕೈಯಿಂದಲೇ ಚಾಚಿ ಹಿಡಿಯಲು ಎರಡು ವಾರ ತರಬೇತಿ ಕೊಟ್ಟರು. ಅಷ್ಟು ದೂರ ಚಾಚಬೇಕಾದರೆ ಸೊಂಟದಿಂದ ಬಾಗಬೇಕು, ದುರ್ಬಲ ಪಾದವನ್ನೂ ನೆಲಕ್ಕೆ ಒತ್ತಬೇಕು. ಎರಡು ವಾರದ ಕೊನೆಗೆ ಅವರು ಇನ್ನೂ ದೂರಕ್ಕೆ, ಇನ್ನೂ ಬೇಗ ಕೈ ಚಾಚುತ್ತಿದ್ದರು. ದುರ್ಬಲ ಪಾದದ ಮೇಲೆ ಬೀಳುವ ಭಾರವೂ ಹೆಚ್ಚಿತ್ತು. ಒಳ್ಳೆಯ ಕೈಗೆ ಕೊಟ್ಟ ಕೆಲಸ ಸೋತ ಕಾಲನ್ನು ಎಬ್ಬಿಸಿತ್ತು. ವರ್ಷ ಕಳೆದ ಮೇಲೆ ಇನ್ನೇನೂ ಸುಧಾರಿಸದು ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಇನ್ನು ಸೋತ ಕೈಯ ಮಾತು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳ ಮೇಲೆ ಪ್ರಯೋಗ ಮಾಡುತ್ತ ಒಂದು ಸಂಗತಿ ಕಂಡುಕೊಂಡರು: ಪ್ರಯತ್ನ ಮತ್ತೆ ಮತ್ತೆ ವಿಫಲವಾದಾಗ ಪ್ರಾಣಿ ಸೋತ ಕೈಯನ್ನು ಬಳಸುವುದನ್ನೇ ಬಿಡುತ್ತದೆ, ಮುಂದೆ ಶಕ್ತಿ ಸ್ವಲ್ಪ ಮರಳಿದರೂ ಬಳಸದಿರುವ ರೂಢಿ ಹೋಗುವುದಿಲ್ಲ. ಮನುಷ್ಯರಲ್ಲೂ ಹೀಗೆಯೇ. ಊಟ, ಗುಂಡಿ ಹಾಕುವುದು, ಬಾಗಿಲ ಚಿಲಕ ತೆಗೆಯುವುದು ಎಲ್ಲವನ್ನೂ ಒಳ್ಳೆಯ ಕೈ ವಹಿಸಿಕೊಳ್ಳುತ್ತದೆ. ಉಳಿದದ್ದನ್ನು ಮನೆಯವರು ಪ್ರೀತಿಯಿಂದ ಮಾಡಿಕೊಡುತ್ತಾರೆ. ಇದಕ್ಕೆ ಮದ್ದಾಗಿ ಒಳ್ಳೆಯ ಕೈಗೇ ಗವಸು ಹಾಕಿ, ಸೋತ ಕೈಯಿಂದ ಕೆಲಸ ಮಾಡಿಸುವ ಪದ್ಧತಿ ಬಂತು. 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಪರೀಕ್ಷೆಯಲ್ಲಿ ಎರಡು ವಾರದ ಈ ತರಬೇತಿಯ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳುಗಳನ್ನು ತುಸುವಾದರೂ ಬಿಡಿಸಬಲ್ಲವರಿಗೆ ಮಾತ್ರ ಇದು ಹೊಂದುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೊರತೆಯಿರುವುದು ಅಭ್ಯಾಸದ ಲೆಕ್ಕದಲ್ಲಿ. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿದಾಗ, ಒಂದು ಸಲದ ಚಿಕಿತ್ಸೆಯಲ್ಲಿ ಕೈಗೆ ಸಿಗುತ್ತಿದ್ದ ಉದ್ದೇಶಪೂರ್ವಕ ಚಲನೆಗಳು ಸರಾಸರಿ 32. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ತಂದ ಪ್ರಯೋಗಗಳಲ್ಲಿ ಈ ಸಂಖ್ಯೆ ದಿನಕ್ಕೆ ನೂರಾರು.

ಹಾಗೆಂದು ಮೊದಲ ದಿನವೇ ಎಬ್ಬಿಸಿ ನಡೆಸಲು ಹೊರಡಬೇಡಿ. 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ ಪರೀಕ್ಷೆಯಲ್ಲಿ, ಮೊದಲ 24 ಗಂಟೆಗಳೊಳಗೇ ಎಬ್ಬಿಸಿ ಪದೇಪದೇ ನಡೆಸಿದವರ ಚೇತರಿಕೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಕಡಿಮೆಯಿತ್ತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಸ್ನಾಯುಗಳ ಬಿಗಿ ಇಲ್ಲದ ಭುಜ ಇದರಿಂದ ಕೀಲಿನಿಂದ ಜಾರಬಹುದು, ತಿಂಗಳುಗಟ್ಟಲೆ ನೋವು ಕೊಡಬಹುದು.

ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಸಾಕೇ? ಭಾರತದ 14 ಆಸ್ಪತ್ರೆಗಳಲ್ಲಿ 1,250 ಮಂದಿಯ ಮೇಲೆ ನಡೆದ ಅಟೆಂಡ್ ಅಧ್ಯಯನ ಕೇಳಿದ್ದು ಇದನ್ನೇ. 2017ರಲ್ಲಿ ಬಂದ ಉತ್ತರ ನಿರಾಸೆಯದು: ಆರು ತಿಂಗಳ ನಂತರ ಸಾವು, ಪರಾವಲಂಬನೆ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಮನೆಯವರ ಪಾತ್ರ ದೊಡ್ಡದೇ, ಆದರೆ ನುರಿತ ಫಿಸಿಯೋಥೆರಪಿಸ್ಟರ ಜಾಗವನ್ನು ಅದು ತುಂಬದು. ನಿಮ್ಮವರನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಔಷಧಿ ಚೀಟಿಯ ಜೊತೆಗೆ ಇದನ್ನೂ ಕೇಳಿ ಪಡೆಯಿರಿ: ಕೈ ಮತ್ತು ಸಮತೋಲನದ ಅಭ್ಯಾಸ ಎಂದಿನಿಂದ, ಯಾರ ಬಳಿ, ದಿನಕ್ಕೆ ಎಷ್ಟು ಸಲ.