ಸೂರ್ಯನ ಕ್ಷೋಭೆಯೂ ವಿಶ್ವಕಿರಣಗಳೂ

ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಲೂನು ಕೇಂದ್ರವಿರುವುದನ್ನು ಇಲ್ಲಿನ ಕನ್ನಡಿಗರು ಬಲ್ಲರು. ಈ ಊರು ಅದಕ್ಕೆ ತಕ್ಕುದಾದುದಕ್ಕೆ ಒಂದು ಕಾರಣ ಭೂಮಿಯ ಕಾಂತಕ್ಷೇತ್ರ. ಕಾಂತೀಯ ವಿಷುವದ್ರೇಖೆಗೆ ಸಮೀಪವಾದ ಈ ಸೀಮೆಯಲ್ಲಿ ಅದು ಹೆಚ್ಚುಕಡಿಮೆ ಅಡ್ಡಲಾಗಿ ಹಬ್ಬಿದ್ದು, ಹೊರಗಿನಿಂದ ಬರುವ ವಿಶ್ವಕಿರಣಗಳಲ್ಲಿ ದುರ್ಬಲವಾದುವನ್ನು ಹಿಂದಕ್ಕೆ ತಿರುಗಿಸುತ್ತದೆ. ನೇರವಾಗಿ ಇಳಿಯುವ ಪ್ರೋಟಾನಿಗೆ ಇಲ್ಲಿ ಸುಮಾರು 16 ಗಿಗಾ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯಾದರೂ ಬೇಕು. ಕ್ಷ-ಕಿರಣ ಖಗೋಳವಿಜ್ಞಾನಿಗೆ ಇದು ವರ. ವಿಶ್ವಕಿರಣಗಳ ಮೇಲೆ ಸೂರ್ಯನ ಪ್ರಭಾವವನ್ನು ಅಳೆಯಹೊರಟವನಿಗೆ ಇದೇ ತೊಡಕು.

ಏಕೆಂದರೆ, ಸೂರ್ಯನಿಂದ ಹೊರಡುವ ಸೌರಮಾರುತವು ಕಾಂತಕ್ಷೇತ್ರವನ್ನೂ ಹೊತ್ತು ಬಂದು ಚದರಿಸುವುದು ಮುಖ್ಯವಾಗಿ ದುರ್ಬಲ ಕಿರಣಗಳನ್ನೇ. ಸೂರ್ಯಕಲೆಗಳು ಹೆಚ್ಚಿದಾಗ ವಿಶ್ವಕಿರಣಗಳು ಕಡಮೆಯಾಗುವ ಸುಮಾರು ಹನ್ನೊಂದು ವರ್ಷಗಳ ಆವರ್ತವನ್ನು ಅಮೆರಿಕದ ಸ್ಕಾಟ್ ಫೋರ್ಬುಷ್ 1954ರಲ್ಲಿ ಪ್ರಕಟಿಸಿದನು. ಸೌರಸ್ಫೋಟದ ತರುವಾಯ ಉಂಟಾಗುವ ಹಠಾತ್ ಇಳಿತಕ್ಕೂ ಅವನ ಹೆಸರೇ ನಿಂತಿದೆ. ಧ್ರುವಪ್ರದೇಶದ ನ್ಯೂಟ್ರಾನ್ ಮಾಪಕಗಳಲ್ಲಿ ಆವರ್ತದ ಏರಿಳಿತ ನೂರಕ್ಕೆ ಇಪ್ಪತ್ತರಷ್ಟಾದರೆ, ನಮ್ಮ ಕಡೆ ಅದು ಕೆಲವೇ ಅಂಶ.

ಅಷ್ಟು ಸಣ್ಣ ವ್ಯತ್ಯಾಸ ಕಾಣಬೇಕಾದರೆ ಎಣಿಕೆ ದೊಡ್ಡದಾಗಬೇಕು. ನೂರು ಕಣಗಳನ್ನೆಣಿಸಿದರೆ ಯಾದೃಚ್ಛಿಕ ಅನಿಶ್ಚಯ ನೂರಕ್ಕೆ ಹತ್ತು. ಹತ್ತುಲಕ್ಷ ಎಣಿಸಿದರೆ ಸಾವಿರಕ್ಕೆ ಒಂದು. ಉದಕಮಂಡಲದ ಗ್ರೇಪ್ಸ್-3 ಈ ಲೆಕ್ಕದ ಮೇಲೆಯೇ ನಿಂತ ಯಂತ್ರ. ಅಲ್ಲಿನ ವಿಶ್ವಕಿರಣ ಸಂಶೋಧನೆಯನ್ನು ಬೆಳೆಸಿದವರಲ್ಲಿ ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್ (1925–2019) ಪ್ರಮುಖರೆಂಬುದು ನಮಗೆ ಅಭಿಮಾನದ ಸಂಗತಿ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯುಆನ್ ಕಣಗಳನ್ನು, ಕಾಂಕ್ರೀಟಿನ ದಪ್ಪ ಹೊದಿಕೆಯ ಕೆಳಗೆ, ಆರಾರು ಮೀಟರು ಉದ್ದದ 3712 ಉಕ್ಕಿನ ಅನಿಲ ಕೊಳವೆಗಳು ಗುರುತಿಸುತ್ತವೆ. ಒಟ್ಟು ವಿಸ್ತೀರ್ಣ 560 ಚದರ ಮೀಟರು. ದಿನದ ಎಣಿಕೆ ಸುಮಾರು 400 ಕೋಟಿ. ಕಣವು ಬಂದ ದಿಕ್ಕೂ ತಿಳಿಯುತ್ತದೆ. ಆದರೆ ಗಾಳಿಯ ಒತ್ತಡ ಏರಿದರೂ ಎಣಿಕೆ ಇಳಿಯುವುದು. ಹವೆಯ ಈ ಆಟವನ್ನು ಕಳೆಯದೆ ಸೂರ್ಯನ ಮೇಲೆ ಹೊರೆ ಹೊರಿಸುವಂತಿಲ್ಲ.

2015ರ ಜೂನ್ 22ರಂದು ಪ್ರಬಲ ಸೌರಸ್ಫೋಟವೊಂದರ ದ್ರವ್ಯರಾಶಿ ಭೂಮಿಗೆ ತಾಗಿತು. ಇಂಥ ಹೊತ್ತಿನಲ್ಲಿ ನಿರೀಕ್ಷಿತವಾದದ್ದು ಇಳಿತ. ಉದಕಮಂಡಲದಲ್ಲಿಯಾದರೋ ಸುಮಾರು ಎರಡು ಗಂಟೆ ಎಣಿಕೆ ಏರಿತು! 2016ರಲ್ಲಿ ಪ್ರಕಟವಾದ ವಿವರಣೆ ಹೀಗೆ: ಬಿರುಗಾಳಿಯೊಡನೆ ಬಂದ ಕಾಂತಕ್ಷೇತ್ರ ಭೂಮಿಯದರೊಡನೆ ಹೆಣೆದುಕೊಂಡು ನಮ್ಮ ಕವಚವನ್ನು ಕ್ಷಣಕಾಲ ಸಡಿಲಿಸಿತು; ಹೊಸ್ತಿಲು ತಗ್ಗಿತು; ಎಂದೂ ಒಳಬಾರದ ಕಿರಣಗಳು ಒಳಬಂದುವು. ತೊಡಕೆನಿಸಿದ್ದ ಕವಚವನ್ನೇ ಹೀಗೆ ನೆಲದಿಂದ ಅಳೆಯುವಂತಾಯಿತು.