ಮಾತಿಗೂ ಮೊದಲು ಗಂಟಲು ಮಾಡುವ ಕೆಲಸ

ಊಟದ ನಡುವೆ ತುತ್ತು ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಅನ್ನುತ್ತೇವೆ. ಓದುಗರೊಬ್ಬರು ಬೇರೆಯೇ ಕಾರಣವನ್ನು ಎಲ್ಲೋ ಓದಿ, ನಿಜವೇ ಎಂದು ಕೇಳಿದ್ದಾರೆ: ಮಾತಾಡಲೆಂದೇ ಮನುಷ್ಯನ ಧ್ವನಿಪೆಟ್ಟಿಗೆ ಕೆಳಕ್ಕೆ ಜಾರಿತಂತೆ, ನೆತ್ತಿಗೆ ಹತ್ತುವುದು ಅದಕ್ಕೆ ನಾವು ತೆರುತ್ತಿರುವ ದಂಡವಂತೆ. ಕಥೆ ಸೊಗಸಾಗಿದೆ, ಆದರೆ ಗಂಟಲಿನ ಮುಖ್ಯ ಕಸುಬು ಮಾತು ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಶ್ವಾಸಕೋಶವಿರುವ ಮೀನುಗಳಲ್ಲಿ ಧ್ವನಿಪೆಟ್ಟಿಗೆ ಎಂದರೆ ನೀರು ಒಳನುಗ್ಗದಂತೆ ಬಿಗಿದುಕೊಳ್ಳುವ ಬರಿಯ ಸ್ನಾಯುವಿನ ಕವಾಟ. ಬ್ರಿಟನ್ನಿನ ವೈದ್ಯ ವಿಕ್ಟರ್ ನೀಗಸ್ ಹಲವು ಪ್ರಾಣಿಗಳ ಗಂಟಲನ್ನು ಹೋಲಿಸಿ ನೋಡಿ, ಕಾವಲು ಮೊದಲು, ದನಿ ಆಮೇಲೆ ಎಂದು 1929ರಲ್ಲೇ ವಾದಿಸಿದ್ದರು.

ನಮ್ಮಲ್ಲೂ ಅದರ ದಿನದ ದುಡಿಮೆ ರೈಲ್ವೆ ಗೇಟಿನದು. ಶ್ವಾಸನಾಳ ಮುಂದಿದೆ, ಅನ್ನನಾಳ ಹಿಂದಿದೆ. ಹಾಗಾಗಿ ಪ್ರತಿ ತುತ್ತೂ ಉಸಿರಿನ ದಾರಿಯನ್ನು ದಾಟಿಯೇ ಹೋಗಬೇಕು. ಈ ವಿಚಿತ್ರ ಏರ್ಪಾಡಿಗೆ ಡಾರ್ವಿನ್ ಕೂಡ 1859ರಲ್ಲಿ ಬೆರಗಾಗಿದ್ದ. ನುಂಗುವ ಕ್ಷಣದಲ್ಲಿ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ಧ್ವನಿಪೆಟ್ಟಿಗೆ ನಾಲಗೆಯ ಬುಡದಡಿಗೆ ಸರಿಯುತ್ತದೆ, ಅದರ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಅರೆಗಳಿಗೆ ನಿಲ್ಲುತ್ತದೆ. ಪಠ್ಯಪುಸ್ತಕಗಳು ಮುಚ್ಚಳವನ್ನೇ ಹೊಗಳುತ್ತವೆ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಕಳೆದುಕೊಂಡವರೂ ಎಷ್ಟೋ ಮಂದಿ ಮತ್ತೆ ನುಂಗಲು ಕಲಿಯುತ್ತಾರೆ. ಭದ್ರವಾದ ಅಗುಳಿ ಎಂದರೆ ಧ್ವನಿತಂತುಗಳೇ. ಕೆಮ್ಮುವಾಗ ಗಾಳಿಯನ್ನು ಒಳಗೇ ಒತ್ತಿ ಹಿಡಿದು ಒಮ್ಮೆಲೇ ಬಿಡುವುದೂ ಅವೇ.

ಹಾಗಾದರೆ ಮನುಷ್ಯನ ಧ್ವನಿಪೆಟ್ಟಿಗೆ ಇಷ್ಟು ಕೆಳಗೇಕೆ ಎಂದು ಕೇಳಬಹುದು. ಧ್ವನಿಪೆಟ್ಟಿಗೆ ಮೇಲಿರುವ ಕೋತಿಗಳ ಗಂಟಲಿನ ರಚನೆಯೇ ಮಾತಿಗೆ ಅಡ್ಡಿ ಎಂದು ಭಾಷಾವಿಜ್ಞಾನಿ ಫಿಲಿಪ್ ಲೀಬರ್‌ಮನ್ 1969ರಲ್ಲಿ ವಾದಿಸಿದ್ದು ನಿಜ. ಆದರೆ 2001ರಲ್ಲಿ ವಿಜ್ಞಾನಿಗಳಾದ ಟೆಕಮ್ಸೆ ಫಿಚ್ ಮತ್ತು ಡೇವಿಡ್ ರೆಬಿ ಗಂಡು ಕೆಂಪು ಜಿಂಕೆಯ ಧ್ವನಿಪೆಟ್ಟಿಗೆಯೂ ಕೆಳಗಿರುವುದನ್ನು ತೋರಿಸಿದರು. ಗುಟುರು ಹಾಕುವಾಗ ಅದು ಇನ್ನೂ ಕೆಳಗಿಳಿಯುತ್ತದೆ. ಜಿಂಕೆ ಮಾತಾಡುವುದಿಲ್ಲವಲ್ಲ! 2016ರಲ್ಲಿ ಫಿಚ್ ಮತ್ತು ಸಂಗಡಿಗರು ಮಕಾಕ್ ಕೋತಿಗಳ ಎಕ್ಸ್‌ರೇ ವಿಡಿಯೋಗಳಿಂದ ಲೆಕ್ಕಹಾಕಿ, ಅವುಗಳ ಗಂಟಲಿಗೆ ಐದು ಬೇರೆಬೇರೆ ಸ್ವರಗಳು ಸಾಧ್ಯ ಎಂದರು. ಸ್ಪಷ್ಟವಾದ ‘ಈ’ ಅವುಗಳಲ್ಲಿಲ್ಲ ಎಂಬ ಆಕ್ಷೇಪ ಬಂತು. ಬರಲಿ, ಅಷ್ಟು ಸ್ವರಗಳಲ್ಲೇ ಒಂದು ಭಾಷೆ ನಡೆದೀತು. ಕೋತಿಗೆ ಕೊರತೆಯಿರುವುದು ಗಂಟಲನ್ನು ಆಡಿಸುವ ಮಿದುಳಿನಲ್ಲಿ.

ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರನ್ನು ನೋಡಿದರೆ ಕಾವಲೇ ಮೊದಲು ಎಂಬ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಅವರು ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ; ಅನ್ನನಾಳದ ಮೇಲ್ಭಾಗ ಕಂಪಿಸುವಂತೆ ಮಾಡಿಯೋ ಯಂತ್ರ ಹಿಡಿದೋ ಮಾತನ್ನು ಮರಳಿ ಪಡೆಯಬಲ್ಲರು. ಆದರೆ ಉಸಿರು ಬಿಗಿಹಿಡಿಯುವ ಕವಾಟವಿಲ್ಲದ್ದರಿಂದ ಭಾರದ ಮೂಟೆ ಎತ್ತುವುದು, ಮಲಬದ್ಧತೆಯಾದಾಗ ಮುಕ್ಕುವುದು ಅವರಿಗೆ ಕಷ್ಟ.